ಟಕ್ ಅಂತದ, ತಿರುಗವಲ್ದು: ಸಣ್ಣ ಎಟಿವಿಯ ಸೆಲ್ಫ್ ದೋಷ ಹುಡುಕುವ ಬಗೆ

ಎಳ್ಳಮಾವಾಸ್ಯೆಯ ಬೆಳಿಗ್ಗೆ. ಭಜ್ಜಿಯ ಪಾತ್ರೆ, ಸಜ್ಜೆ ರೊಟ್ಟಿಯ ಗಂಟು, ಅಂಬಲಿಯ ಕೊಡ ಎಲ್ಲವನ್ನೂ ಎಟಿವಿಯ, ಅಂದರೆ ಬೈಕಿನ ಹಾಗೆ ಹತ್ತಿ ಕೂತು ಓಡಿಸುವ ನಾಲ್ಕು ಗಾಲಿ ಗಾಡಿಯ ಹಿಂದಿನ ಕ್ಯಾರಿಯರ್‌ಗೆ ಕಟ್ಟಿ ಆಗಿತ್ತು. ಮನೆಯವರು ಚರಗ ಚೆಲ್ಲಲು ಆಗಲೇ ಹೊಲದ ದಾರಿ ಹಿಡಿದಿದ್ದರು. ಅಣ್ಣನ ಮಗ ಗಾಡಿ ಹತ್ತಿ ಸೆಲ್ಫ್ ಬಟನ್ ಒತ್ತಿದ. ಟಕ್. ಮತ್ತೆ ಒತ್ತಿದ. ಟಕ್.

“ಕಾಕಾ, ಟಕ್ ಅಂತದ, ಮುಂದ ತಿರುಗವಲ್ದು. ಬ್ಯಾಟ್ರಿ ಹೊಸಾದೇ ಅದ ನೋಡ್ರಿ.”

ಬ್ಯಾಟರಿ ಹೊಸದೇ. ಎರಡು ತಿಂಗಳಲ್ಲಿ ಅದು ಎರಡನೆಯದು. ಬಟನ್ ಒತ್ತಿದಾಗ ಬ್ಯಾಟರಿಯ ಕರೆಂಟನ್ನು ಮೋಟರಿಗೆ ಕೂಡಿಸುವ ಸ್ವಿಚ್, ಅಂದರೆ ರಿಲೇ, ಹೊಸದು. ಇಂಜಿನ್ ತಿರುಗಿಸುವ ಸೆಲ್ಫ್ ಮೋಟರ್ ಕೂಡ ಹೊಸದು. ಜೇವರ್ಗಿ ಕಡೆ ನಮ್ಮ ತೊಗರಿ ಹೊಲದಲ್ಲಿ ಔಷಧಿ ಕ್ಯಾನ್, ನೀರಿನ ಕ್ಯಾನ್ ಹೊರಲು ತಂದ 110 ಸಿಸಿ ಸೆಕೆಂಡ್ ಹ್ಯಾಂಡ್ ಗಾಡಿ ಅದು. ತೊಗರಿ ಹೂ ಬಿಟ್ಟು ಕಾಯಿಕೊರಕ ಬೀಳುವ ಹೊತ್ತಿಗೇ ಮುಷ್ಕರ ಹೂಡಿತ್ತು. ಒಂದೊಂದೇ ಸಾಮಾನು ಬದಲಿಸುತ್ತಾ ಹೋದೆವು. ಪ್ರತಿ ಸಲವೂ ನಾಲ್ಕು ದಿನ ಸರಿಯಿದ್ದು ಮತ್ತೆ ಅದೇ ಟಕ್. ನಾವು ಬದಲಿಸಿದ ಒಂದು ಸಾಮಾನಿನಲ್ಲೂ ದೋಷ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಆ ದಿನ ಸಂಜೆ ಮೀಟರ್ ಹಿಡಿದು ಕುಳಿತಾಗ ಕಲಿತದ್ದನ್ನು, ಆಮೇಲೆ ಊರಲ್ಲಿ ಬೇರೆಯವರ ಗಾಡಿಗಳನ್ನು ನೋಡುವಾಗ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ಇದು ಬಟನ್ ಒತ್ತಿದಾಗ ಇಂಜಿನ್ ತಿರುಗದ, ಅಥವಾ ಸರಿಯಾಗಿ ತಿರುಗದ ದೋಷದ ಬಗ್ಗೆ. ಇಂಜಿನ್ ಚೆನ್ನಾಗಿ ತಿರುಗುತ್ತಿದೆ, ಆದರೆ ಹತ್ತುತ್ತಿಲ್ಲ ಅಂದರೆ ಪ್ಲಗ್, ಪೆಟ್ರೋಲ್, ಕಾರ್ಬ್ಯುರೇಟರ್ ನೋಡಬೇಕು. ಆ ದಾರಿಯೇ ಬೇರೆ.

ಕೈ ಹಾಕುವ ಮೊದಲು

ಗಾಡಿಯನ್ನು ನ್ಯೂಟ್ರಲ್‌ಗೆ ತನ್ನಿ. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಡಿ. ಪೆಟ್ರೋಲ್ ಟ್ಯಾಪ್ ಬಂದ್ ಮಾಡಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಅದು ಹೋಗುವವರೆಗೆ ಯಾವ ವಾಯರನ್ನೂ ಮುಟ್ಟಬೇಡಿ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ. ಬ್ಯಾಟರಿ ಚಿಕ್ಕದು ಅಂತ ಸಸಾರ ಬೇಡ. ಪಾನಾ ಮತ್ತು ಉಂಗುರದ ನಡುವೆ ಶಾರ್ಟ್ ಆದರೆ ಬೆರಳು ಸುಟ್ಟೇ ಹೋಗುತ್ತದೆ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಕೂಡಿಸುವಾಗ ಕೊನೆಗೆ ನೆಗೆಟಿವ್.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್, 8 ಮತ್ತು 10ರ ಪಾನಾ, ಪ್ಲಗ್ ಪಾನಾ, ಪಾಲಿಶ್ ಪೇಪರ್, ಒಂದು ಜೊತೆ ದಪ್ಪ ಜಂಪರ್ ಕೇಬಲ್. ಮೀಟರ್ ಇಲ್ಲದಿದ್ದರೆ ಮೊದಲು ಅದನ್ನು ತನ್ನಿ. ಒಂದು ಬ್ಯಾಟರಿಗೆ ಸುಮ್ನೆ ಹಾಕುವ ದುಡ್ಡಿಗಿಂತ ಎಷ್ಟೋ ಕಡಿಮೆಗೆ ಬರುತ್ತದೆ.

ಮೊದಲು ಕಿವಿಗೊಡಿ

ಬಟನ್ ಒತ್ತಿದಾಗ ಏನು ಕೇಳಿಸುತ್ತದೆ ಎನ್ನುವುದರ ಮೇಲೆಯೇ ಅರ್ಧ ಕೆಲಸ ನಿಂತಿದೆ. ಅಕ್ಕಪಕ್ಕದವರನ್ನು ಸುಮ್ಮನಿರಿಸಿ, ಹೆಡ್‌ಲೈಟ್ ಹಾಕಿಕೊಂಡು ಒತ್ತಿ ನೋಡಿ.

ಏನೂ ಸದ್ದಿಲ್ಲ, ಲೈಟೂ ಮಂಕಾಗಲಿಲ್ಲ ಅಂದರೆ ಕರೆಂಟ್ ರಿಲೇವರೆಗೆ ಹೋಗುತ್ತಲೇ ಇಲ್ಲ, ಇಲ್ಲವೇ ರಿಲೇಯೇ ಹೋಗಿದೆ. ಟಕಟಕಟಕ ಅಂತ ಬಡಿದುಕೊಂಡರೆ ಬ್ಯಾಟರಿಯಲ್ಲಿ ದಮ್ಮಿಲ್ಲ, ಇಲ್ಲವೇ ಬ್ಯಾಟರಿ ತುದಿ ಸಡಿಲ. ಒಂದೇ ಒಂದು ಟಕ್ ಬಂದು ನಿಂತರೆ ರಿಲೇಗೆ ಕರೆಂಟ್ ಮುಟ್ಟಿದೆ, ರಿಲೇ ಒಳಗಿನ ಕಾಂಟ್ಯಾಕ್ಟ್, ದಪ್ಪ ವಾಯರ್‌ಗಳು ಅಥವಾ ಮೋಟರ್ ಕಡೆ ಏನೋ ಆಗಿದೆ. ಮೋಟರ್ ಗುಂಯ್ ಅಂತ ಜೋರಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಅಲುಗುವುದಿಲ್ಲ ಅಂದರೆ ಮೋಟರಿನ ತಿರುವನ್ನು ಇಂಜಿನ್‌ಗೆ ದಾಟಿಸುವ ವನ್ ವೇ ಕ್ಲಚ್ ಜಾರುತ್ತಿದೆ. ಅರ್ಧ ಸುತ್ತು ತಿರುಗಿ ಗೋಡೆಗೆ ಡಿಕ್ಕಿ ಹೊಡೆದ ಹಾಗೆ ನಿಂತರೆ ಇಂಜಿನ್ ಒಳಗೇ ಏನೋ ತಡೆಯುತ್ತಿದೆ.

ಈ ಸದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಯಾಕಂದರೆ ಹತ್ತು ಸಲ ಒತ್ತಿದ ಮೇಲೆ ಬ್ಯಾಟರಿ ಇಳಿದು ಸದ್ದು ಬದಲಾಗುತ್ತದೆ. ಆಮೇಲೆ ಮೊದಲು ಏನಿತ್ತು ಅಂತ ನೆನಪಾಗುವುದಿಲ್ಲ. ನಾವು ಎರಡನೇ ಸಲ ಬ್ಯಾಟರಿ ತಂದದ್ದು ಹೀಗೇ. ಮೊದಲು ಇದ್ದದ್ದು ಒಂದೇ ಟಕ್. ಒತ್ತಿ ಒತ್ತಿ ಅದು ಟಕಟಕ ಆಯಿತು, ನಾವು ಬ್ಯಾಟರಿ ಹೋಗಿದೆ ಎಂದುಕೊಂಡೆವು.

ಏನೂ ಸದ್ದಿಲ್ಲದಿದ್ದರೆ

ಬ್ರೇಕ್ ಲಿವರ್ ಒತ್ತಿ ಹಿಡಿದಿದ್ದೀರಾ? ಈ ಸಣ್ಣ ಗಾಡಿಗಳಲ್ಲಿ ಬಹಳಷ್ಟಕ್ಕೆ ಬ್ರೇಕ್ ಹಿಡಿಯದಿದ್ದರೆ ಸೆಲ್ಫ್ ಹೊಡೆಯುವುದಿಲ್ಲ. ಗೇರ್ ಇರುವವುಗಳಲ್ಲಿ ನ್ಯೂಟ್ರಲ್ ಸ್ವಿಚ್ ಕೂಡ ಇರುತ್ತದೆ. ಇಂಜಿನ್ ನಿಲ್ಲಿಸಲು ಹ್ಯಾಂಡಲ್ ಮೇಲಿರುವ ಕೆಂಪು ಕಿಲ್ ಸ್ವಿಚ್, ಮಕ್ಕಳ ಗಾಡಿಯಾದರೆ ಹಿಂದೆ ದಾರ ಕಟ್ಟಿದ ಇನ್ನೊಂದು ಸ್ವಿಚ್, ಇವೂ ಇವೆ. ಕೆಲವು ಮಾಡೆಲ್‌ಗಳಲ್ಲಿ ಇವು ಕಿಡಿಯನ್ನಷ್ಟೇ ನಿಲ್ಲಿಸುತ್ತವೆ, ಕೆಲವುಗಳಲ್ಲಿ ಸೆಲ್ಫನ್ನೂ.

ಬ್ರೇಕ್ ಹಿಡಿದಾಗ ಹಿಂದಿನ ಲೈಟ್ ಹತ್ತುತ್ತದೆಯೇ ನೋಡಿ. ಹತ್ತದಿದ್ದರೆ ಲಿವರ್ ಬುಡದಲ್ಲಿರುವ ಪುಟ್ಟ ಸ್ವಿಚ್ಚನ್ನೇ ಮೊದಲು ಅನುಮಾನಿಸಿ. ನಮ್ಮ ಕಡೆ ಎರೆ ಮಣ್ಣು ಅಲ್ಲಿ ಹೊಕ್ಕು, ಒಣಗಿ ಕಲ್ಲಾಗುತ್ತದೆ. ಸ್ವಿಚ್ಚಿನ ಗುಂಡಿ ಒಳಗೇ ಸಿಕ್ಕಿಕೊಂಡಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್, ಸ್ವಲ್ಪ ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಆಮೇಲೆ ಫ್ಯೂಸ್. ಕಣ್ಣಲ್ಲಿ ನೋಡಿ ಸರಿ ಅನ್ನಬೇಡಿ, ತೆಗೆದು ಮೀಟರ್‌ನಲ್ಲಿ ನೋಡಿ. ಹೊಸದು ಹಾಕುವಾಗ ಅದೇ ಆಂಪಿಯರ್‌ದು ಹಾಕಿ. ತಂತಿ ಸುತ್ತಿದರೆ ಮುಂದಿನ ಸಲ ವೈರಿಂಗೇ ಸುಡುತ್ತದೆ.

ಫ್ಯೂಸ್ ಸರಿಯಿದ್ದರೆ ರಿಲೇಗೆ ಬನ್ನಿ. ಅದಕ್ಕೆ ಎರಡು ದಪ್ಪ ತುದಿ, ಎರಡು ಸಣ್ಣ ವಾಯರ್. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಎರಡು ಸಣ್ಣ ವಾಯರ್‌ಗಳ ನಡುವೆ ಹಿಡಿಯಿರಿ. ಒಬ್ಬರು ಬ್ರೇಕ್ ಹಿಡಿದು ಬಟನ್ ಒತ್ತಲಿ. 12ರ ಹತ್ತಿರ ಬಂತು, ಟಕ್ ಬರಲಿಲ್ಲ ಅಂದರೆ ರಿಲೇ ಹೋಗಿದೆ. ಏನೂ ಬರದಿದ್ದರೆ ರಿಲೇ ಬದಲಿಸಿ ಉಪಯೋಗವಿಲ್ಲ. ಕೀ, ಬಟನ್, ಬ್ರೇಕ್ ಸ್ವಿಚ್ ಇವುಗಳಲ್ಲಿ ಎಲ್ಲೋ ದಾರಿ ಕಡಿದಿದೆ. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿ ನೆಗೆಟಿವ್‌ನಲ್ಲೇ ಬಿಟ್ಟು, ಕೆಂಪು ಕಡ್ಡಿಯಿಂದ ಬ್ಯಾಟರಿ ಕಡೆಯಿಂದ ಒಂದೊಂದೇ ಜಾಯಿಂಟ್ ನೋಡುತ್ತಾ ಬನ್ನಿ. 12 ಎಲ್ಲಿ ಮಾಯವಾಗುತ್ತದೋ ದೋಷ ಅದರ ಹಿಂದೆಯೇ ಇದೆ. ಇಡೀ ದಾರಿಯಲ್ಲಿ 12 ಇದ್ದೂ ರಿಲೇ ಸುಮ್ಮನಿದ್ದರೆ ಅದರ ಅರ್ಥ್ ಕಡೆಯ, ಅಂದರೆ ನೆಗೆಟಿವ್‌ಗೆ ವಾಪಸ್ ಹೋಗುವ ಸಣ್ಣ ವಾಯರ್ ನೋಡಿ. ಸಾಮಾನ್ಯವಾಗಿ ಅದು ಹಸಿರು ಬಣ್ಣದ್ದು. ತೊಗರಿ ಚೀಲದ ಪಕ್ಕ ಗಾಡಿ ನಿಲ್ಲಿಸುವವರು ಸೀಟಿನಡಿ ಒಮ್ಮೆ ಬೆಳಕು ಹಾಕಿ ನೋಡಿ. ಇಲಿ ಕಡಿದ ವಾಯರ್ ನಾನು ಎರಡು ಸಲ ಕಂಡಿದ್ದೇನೆ.

ಬ್ಯಾಟರಿ ನಿಜಕ್ಕೂ ಸರಿಯಿದೆಯಾ?

ಈ ಗಾಡಿಗಳ ಬ್ಯಾಟರಿ 12 ವೋಲ್ಟ್, 4ರಿಂದ 7 ಆಂಪಿಯರ್ ಅವರ್ ಅಷ್ಟೇ. ಚಾರ್ಜರ್ ತೆಗೆದ ಕೂಡಲೇ ಅಳೆದರೆ 13ರ ಮೇಲೆ ತೋರಿಸಿ ಮೋಸ ಮಾಡುತ್ತದೆ. ನಾಲ್ಕೈದು ಗಂಟೆ ಬಿಟ್ಟು ಅಳೆಯಿರಿ. 12.6ರಿಂದ 12.8 ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.0ಕ್ಕೆ ಬಂದರೆ ಕಾಲು ಭಾಗವಷ್ಟೇ ಉಳಿದಿದೆ. 11.8 ಅಂದರೆ ಖಾಲಿ.

ಆದರೆ ಸುಮ್ಮನೆ ಕುಳಿತಾಗ 12.6 ತೋರಿಸಿದ್ದು ಸಾಕ್ಷಿಯಲ್ಲ. ಮೀಟರ್ ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗೇ ಹಿಡಿದು, ಬಟನ್ ಒತ್ತಿಸಿ. ಮೋಟರ್ ಎಳೆಯುವಾಗ 10ರ ಆಸುಪಾಸು ನಿಂತರೆ ಬ್ಯಾಟರಿ ಗಟ್ಟಿ. 9.6ಕ್ಕಿಂತ ಕೆಳಗೆ, 7ಕ್ಕೆ, 5ಕ್ಕೆ ಕುಸಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಮೋಟರ್ ವಿಪರೀತ ಎಳೆಯುತ್ತಿದೆ. ಗೊತ್ತಿರುವ ಒಳ್ಳೇ ಬ್ಯಾಟರಿಯಿಂದ ಜಂಪ್ ಮಾಡಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ಕಾರಿನಿಂದ ಜಂಪ್ ಮಾಡುವುದಾದರೆ ಕಾರಿನ ಇಂಜಿನ್ ಬಂದ್ ಇರಲಿ. ಎರಡೂ 12 ವೋಲ್ಟೇ ಅಂತ ಖಾತ್ರಿ ಮಾಡಿಕೊಳ್ಳಿ.

ಈಗ ಮೂರನೆಯ ಸಾಧ್ಯತೆ. ಬಟನ್ ಒತ್ತಿದರೂ ಬ್ಯಾಟರಿ 12ರ ಮೇಲೇ ಆರಾಮಾಗಿ ನಿಂತಿದೆ, ಮೋಟರ್ ಮಾತ್ರ ತಿರುಗುತ್ತಿಲ್ಲ. ಇಲ್ಲಿ ಬ್ಯಾಟರಿಗೆ ಏನೂ ಆಗಿಲ್ಲ. ಅದರಿಂದ ಕರೆಂಟ್ ಹೊರಗೆ ಹೋಗಲು ದಾರಿಯೇ ಸಿಗುತ್ತಿಲ್ಲ. ನಮ್ಮ ಗಾಡಿಯ ಕಥೆ ಇದೇ ಆಗಿತ್ತು.

ದಪ್ಪ ವಾಯರಿನ ದಾರಿ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮ ಕಡೆಯ ಗಾಡಿಗಳಲ್ಲಿ ನಾನು ಕಂಡ ಸೆಲ್ಫ್ ದೋಷಗಳಲ್ಲಿ ಹೆಚ್ಚಿನವು ಇಲ್ಲೇ ಇದ್ದವು.

ಕರೆಂಟ್ ಬ್ಯಾಟರಿ ಪಾಸಿಟಿವ್‌ನಿಂದ ಹೊರಟು ರಿಲೇ ದಾಟಿ ಮೋಟರಿಗೆ ಹೋಗುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಮೋಟರಿನ ಮೈಯಿಂದ ಇಂಜಿನ್‌ಗೆ, ಇಂಜಿನ್‌ನಿಂದ ಅರ್ಥ್ ವಾಯರ್ ಹಿಡಿದು ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಬರಬೇಕು. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಬರುವ ದಾರಿಯನ್ನು ನೋಡುವವರು ಕಡಿಮೆ.

ಇಲ್ಲಿ ವಾಯರ್ ಕಡಿದಿಲ್ಲ ಅನ್ನುವ ಮೀಟರಿನ ಬೀಪ್ ಸದ್ದನ್ನು ನಂಬಬೇಡಿ. ಲೆಕ್ಕ ಹಾಕಿ ನೋಡಿ. ಒಂದು ಜಾಯಿಂಟಿನಲ್ಲಿ ಕಿಲುಬು ಹಿಡಿದು 0.05 ಓಮ್ ಅಡ್ಡಿ ಇದೆ ಎಂದುಕೊಳ್ಳಿ. 35 ವ್ಯಾಟ್ ಹೆಡ್‌ಲೈಟ್ ಎಳೆಯುವುದು ಸುಮಾರು 3 ಆಂಪಿಯರ್. ಅಲ್ಲಿ ಕಳೆದುಹೋಗುವುದು 0.15 ವೋಲ್ಟ್, ಲೈಟ್ ಝಗಮಗ ಉರಿಯುತ್ತದೆ. ಅದೇ ಜಾಯಿಂಟ್ ಮೇಲೆ ಸೆಲ್ಫ್ ಮೋಟರ್ 50 ಆಂಪಿಯರ್ ಎಳೆಯಿತು ಅನ್ನಿ. 2.5 ವೋಲ್ಟ್ ಅಲ್ಲೇ ಶಾಖವಾಗಿ ಹೋಯಿತು. ಲೈಟ್ ಚೆನ್ನಾಗಿದೆ, ಹಾರ್ನ್ ಚೆನ್ನಾಗಿದೆ, ಮೀಟರ್ ಬೀಪ್ ಅನ್ನುತ್ತದೆ, ಆದರೂ ಇಂಜಿನ್ ತಿರುಗುವುದಿಲ್ಲ. ಹಾಗಾಗಿ ಭಾರ ಬಿದ್ದಾಗಲೇ, ಅಂದರೆ ಬಟನ್ ಒತ್ತಿ ಮೋಟರ್ ಕರೆಂಟ್ ಎಳೆಯುವಾಗಲೇ ಅಳೆಯಬೇಕು.

ಮೊದಲು ಪಾಸಿಟಿವ್ ಕಡೆ. ಕೆಂಪು ಕಡ್ಡಿ ಬ್ಯಾಟರಿ ಪಾಸಿಟಿವ್ ಕಂಬದ ಮೇಲೆ. ಕ್ಲಿಪ್ ಮೇಲಲ್ಲ, ಸೀಸದ ಕಂಬದ ಮೇಲೇ. ಕಪ್ಪು ಕಡ್ಡಿ ಮೋಟರಿನ ನಟ್ ಮೇಲೆ. ಬಟನ್ ಒತ್ತುವ ಮೊದಲು ಪೂರ್ತಿ 12 ತೋರಿಸುತ್ತದೆ, ಗಾಬರಿ ಬೇಡ. ಒತ್ತಿದಾಗ 0.5ರೊಳಗೆ ಇಳಿಯಬೇಕು. ಜಾಸ್ತಿ ಇದ್ದರೆ ರಿಲೇಯ ಎರಡು ದಪ್ಪ ತುದಿಗಳ ನಡುವೆ ಹಿಡಿದು ಒತ್ತಿಸಿ. ಅಲ್ಲೇ 1 ವೋಲ್ಟಿಗೂ ಜಾಸ್ತಿ ಬಂದರೆ ರಿಲೇ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಟಕ್ ಸದ್ದು ಬಂದರೂ ರಿಲೇ ಕೆಟ್ಟಿರಬಹುದು ಅನ್ನುವುದು ಇದಕ್ಕೇ.

ಈಗ ಅರ್ಥ್ ಕಡೆ. ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್ ಕಂಬದ ಮೇಲೆ, ಕೆಂಪು ಕಡ್ಡಿ ಇಂಜಿನ್‌ನ ಬರಿ ಲೋಹದ ಮೇಲೆ. ಬಣ್ಣ ಇದ್ದ ಕಡೆ ಹಿಡಿಯಬೇಡಿ, ಕಡ್ಡಿಯ ಮೊನೆಯಿಂದ ಸ್ವಲ್ಪ ಕೆರೆದು ಒತ್ತಿ ಹಿಡಿಯಿರಿ. ಬಟನ್ ಒತ್ತಿದಾಗ 0.2 ವೋಲ್ಟಿಗಿಂತ ಜಾಸ್ತಿ ಬರಬಾರದು.

ಎಳ್ಳಮಾವಾಸ್ಯೆಯ ಸಂಜೆ ಹೊಲದಿಂದ ಬಂದ ಮೇಲೆ ನಾನು ಮೀಟರ್ ಹಿಡಿದೆ, ಹುಡುಗ ಬಟನ್ ಒತ್ತಿದ. ಮೀಟರಿನಲ್ಲಿ 8.9 ಬಂತು.

“ಎಷ್ಟದ ಕಾಕಾ?”

“ಎಂಟು ಒಂಬತ್ತು.”

“ಬ್ಯಾಟ್ರಿದಾ?”

“ಇಲ್ಲೋ ತಮ್ಮಾ. ಅರ್ಥಿನ್ದು.”

ಬ್ಯಾಟರಿಯ ಬಹುಪಾಲು ವೋಲ್ಟ್ ಆ ಒಂದು ಜಾಗದಲ್ಲೇ ಕಳೆದುಹೋಗುತ್ತಿತ್ತು. ವಾಯರ್ ಹಿಡಿದು ಹೋದೆವು. ಬ್ಯಾಟರಿ ನೆಗೆಟಿವ್‌ನಿಂದ ಹೊರಟ ಹಸಿರು ದಪ್ಪ ವಾಯರ್ ಸೀಟಿನಡಿ ಹಾದು ಇಂಜಿನ್ ಹಿಂಬದಿಯ ಒಂದು ಬೋಲ್ಟ್‌ಗೆ ಕೂಡುತ್ತಿತ್ತು. ಹೊರಗಿನಿಂದ ಬೋಲ್ಟ್ ಬಿಗಿಯಾಗಿತ್ತು. ಮೇಲೆ ಹೆಬ್ಬೆರಳು ದಪ್ಪ ಎರೆ ಮಣ್ಣು ಕೂತು ಬಿರುಕು ಬಿಟ್ಟಿತ್ತು. ಅದನ್ನು ಕೆರೆದು, 10ರ ಪಾನಾ ಹಾಕಿ ಬಿಚ್ಚಿದೆ. ವಾಯರಿನ ಕಣ್ಣಿನ (ಬೋಲ್ಟ್ ತೂರುವ ತುದಿಯ ಬಳೆಯ) ಅಡಿಯಲ್ಲಿ ಹಿಟ್ಟಿನಂಥ ಬಿಳಿ ಪುಡಿ, ನಡುವೆ ಹಸಿರು ಕಿಲುಬು. ಅದರ ಕೆಳಗೆ ಹಳೇ ಮಾಲೀಕರು ಇಂಜಿನ್‌ಗೆ ಹೊಡೆಸಿದ್ದ ಕಪ್ಪು ಪೇಂಟ್, ಬೋಲ್ಟ್ ಕೂರುವ ಜಾಗದಲ್ಲೂ ಹಾಗೇ ಇತ್ತು. ಕರೆಂಟ್ ಇಷ್ಟು ದಿನ ಬೋಲ್ಟಿನ ಥ್ರೆಡ್ ಹಿಡಿದೇ ಹೇಗೋ ದಾಟುತ್ತಿತ್ತು. ಮಳೆಗಾಲದಲ್ಲಿ ಎರೆ ಮಣ್ಣು ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಂಡು ಆ ಥ್ರೆಡ್ಡನ್ನೂ ತಿಂದಿತ್ತು.

ಪ್ರತಿ ಸಲ ಸಾಮಾನು ಬದಲಿಸಿದಾಗ ನಾಲ್ಕು ದಿನ ಯಾಕೆ ಸರಿಹೋಗುತ್ತಿತ್ತು ಅನ್ನುವುದೂ ಆಗ ತಿಳಿಯಿತು. ಮೋಟರ್ ಬಿಚ್ಚಿ ಕೂಡಿಸುವಾಗ, ಬ್ಯಾಟರಿ ಎತ್ತಿ ಇಡುವಾಗ ಆ ವಾಯರ್ ಅಲುಗುತ್ತಿತ್ತು. ಕಿಲುಬು ಒಂದಿಷ್ಟು ಸರಿದು ದಾರಿ ಬಿಡುತ್ತಿತ್ತು. ಹೊಸ ಸಾಮಾನಿನಿಂದಲೇ ಸರಿಹೋಯಿತು ಅಂತ ನಾವು ನಂಬುತ್ತಿದ್ದೆವು.

ಪಾಲಿಶ್ ಪೇಪರಿನಿಂದ ಕಣ್ಣು, ಬೋಲ್ಟ್, ಇಂಜಿನ್ ಮೈ ಮೂರನ್ನೂ ಬಿಳಿ ಲೋಹ ಕಾಣುವವರೆಗೆ ಉಜ್ಜಿದೆವು. ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಸವರಿದೆವು. ಒಳಗೆ ಸವರಬೇಡಿ, ಲೋಹಕ್ಕೆ ಲೋಹ ತಾಗಬೇಕು. ಮತ್ತೆ ಮೀಟರ್ ಹಿಡಿದಾಗ 0.1. ಇಂಜಿನ್ ಒಂದೇ ಗುಕ್ಕಿಗೆ ತಿರುಗಿ ಹತ್ತಿತು.

ಮೋಟರ್

ಎರಡು ಕಡೆಯ ಅಳತೆಯೂ ಸರಿಯಿದೆ, ಮೋಟರಿನ ನಟ್ ಮತ್ತು ಇಂಜಿನ್ ಮೈ ನಡುವೆ 10 ವೋಲ್ಟ್ ಸಿಗುತ್ತಿದೆ, ಆದರೂ ತಿರುಗುತ್ತಿಲ್ಲ ಅಂದರೆ ಆಗ ಮೋಟರ್ ಬಿಚ್ಚಿ. ಅದಕ್ಕೂ ಮೊದಲು ಬಟನ್ ಒತ್ತಿ ಹಿಡಿದಾಗ ಸ್ಕ್ರೂಡ್ರೈವರ್ ಹಿಡಿಯಿಂದ ಮೋಟರಿಗೆ ಮೆಲ್ಲಗೆ ಎರಡು ಏಟು ಕೊಡಿ. ತಿರುಗಿತು ಅಂದರೆ ಕಾರ್ಬನ್ ಬ್ರಷ್ ಸವೆದಿದೆ, ಇಲ್ಲವೇ ಹಿಡಿದುಕೊಂಡಿದೆ. ಬ್ರಷ್ ಸೆಟ್ ಬೇರೆಯಾಗಿ ಸಿಗುವಾಗ ಇಡೀ ಮೋಟರ್ ಯಾಕೆ? ಬಿಚ್ಚಿದ ಮೋಟರನ್ನು ಕಾಲಡಿ ಗಟ್ಟಿಯಾಗಿ ಒತ್ತಿ ಹಿಡಿದೇ ಬ್ಯಾಟರಿ ಕೊಡಿ. ತಿರುಗಲು ಶುರುವಾದಾಗ ಜಿಗಿಯುತ್ತದೆ. ಒಳಗೆ ಕೆಂಪು ತುಕ್ಕಿನ ನೀರು ಕಂಡರೆ ಸೀಲ್ ಅಥವಾ ಓ ರಿಂಗ್ ಹೋಗಿದೆ. ಅದನ್ನು ಬದಲಿಸದೆ ಮುಚ್ಚಿದರೆ ಮುಂದಿನ ಮಳೆಗೆ ಮತ್ತೆ ಇದೇ ಕೆಲಸ.

ಮೋಟರ್ ತಿರುಗಿ ಇಂಜಿನ್ ತಿರುಗದಿದ್ದರೆ ಫ್ಲೈವೀಲ್ ಹಿಂದಿರುವ ವನ್ ವೇ ಕ್ಲಚ್ಚಿನ ರೋಲರ್, ಸ್ಪ್ರಿಂಗ್ ಸವೆದಿರುತ್ತವೆ. ಅದಕ್ಕೆ ಪುಲ್ಲರ್ ಬೇಕು. ಸುತ್ತಿಗೆಯಿಂದ ಫ್ಲೈವೀಲ್ ಎಬ್ಬಿಸಲು ಹೋಗಬೇಡಿ. ಪುಲ್ಲರ್ ಇರುವವರ ಹತ್ತಿರ ಕೊಡಿ.

ಅರ್ಧ ಸುತ್ತಿಗೆ ನಿಲ್ಲುವ ಇಂಜಿನ್

ಪ್ಲಗ್ ಬಿಚ್ಚಿ. ಪ್ಲಗ್ಗನ್ನು ಕ್ಯಾಪಿನಲ್ಲೇ ಇಟ್ಟು, ಅದರ ಲೋಹ ಇಂಜಿನ್‌ಗೆ ತಾಗುವಂತೆ, ಆದರೆ ಪ್ಲಗ್ ತೂತಿನಿಂದ ದೂರ ಇಡಿ. ತೂತಿನ ಮೇಲೆ ಬಟ್ಟೆ ಹಾಕಿ. ಮೊದಲು ಕಿಕ್ ಅಥವಾ ಹಗ್ಗದಿಂದ ಕೈಯಲ್ಲೇ ನಿಧಾನಕ್ಕೆ ತಿರುಗಿಸಿ ನೋಡಿ.

ಬಟ್ಟೆ ಪೆಟ್ರೋಲಿನಿಂದ ತೊಯ್ದು ಇಂಜಿನ್ ಸಲೀಸಾಗಿ ತಿರುಗಿದರೆ ಸಿಲಿಂಡರ್ ಒಳಗೆ ಪೆಟ್ರೋಲ್ ತುಂಬಿತ್ತು ಅಂತ ಅರ್ಥ. ದ್ರವ ಗಾಳಿಯ ಹಾಗೆ ಅಮುಕುವುದಿಲ್ಲ, ಪಿಸ್ಟನ್ ಅಲ್ಲೇ ನಿಲ್ಲುತ್ತದೆ. ಇಂಥದ್ದರಲ್ಲಿ ಬಲವಂತವಾಗಿ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯ ಇದೆ. ಕಾರಣ ಹೆಚ್ಚಾಗಿ ಕಾರ್ಬ್ಯುರೇಟರಿನ ನೀಡಲ್‌ನಲ್ಲಿ ಸಿಕ್ಕ ಕಸ, ಜೊತೆಗೆ ರಾತ್ರಿಯಿಡೀ ತೆರೆದಿದ್ದ ಪೆಟ್ರೋಲ್ ಟ್ಯಾಪ್. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸದೆ ಇಂಜಿನ್ ಚಾಲೂ ಮಾಡಬೇಡಿ. ತೆಳ್ಳಗಾದ ಆಯಿಲ್ ಬೇರಿಂಗ್ ಉಳಿಸುವುದಿಲ್ಲ.

ಪ್ಲಗ್ ತೆಗೆದರೂ ಕೈಯಲ್ಲಿ ತಿರುಗದಿದ್ದರೆ ಇಂಜಿನ್ ಜಾಮ್ ಆಗಿದೆ. ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ. ಪ್ಲಗ್ ಇದ್ದು ತಿರುಗುವಾಗ ಹಿಂದಕ್ಕೆ ಒದೆಯುತ್ತದೆ, ಫಟ್ ಅನ್ನುತ್ತದೆ ಅಂದರೆ ಫ್ಲೈವೀಲನ್ನು ಜಾಗದಲ್ಲಿ ಹಿಡಿದಿಡುವ ಸಣ್ಣ ಲೋಹದ ಚೂರು (ಕೀ) ಕತ್ತರಿಸಿ ಕಿಡಿಯ ಟೈಮಿಂಗ್ ಸರಿದಿರಬಹುದು.

ಇದಕ್ಕೆ ಉಲ್ಟಾ ಒಂದಿದೆ. ಪ್ಲಗ್ ಹಾಕಿದ್ದರೂ ಇಂಜಿನ್ ಗುಡ್ ಗುಡ್ ಅನ್ನದೆ ಸರಾಗವಾಗಿ, ಒಂದೇ ಸಮ ವೇಗವಾಗಿ ತಿರುಗುತ್ತದೆ. ಕಂಪ್ರೆಷನ್ ಹೋಗಿದೆ. ವಾಲ್ವನ್ನು ಒತ್ತುವ ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದೆ ಹೀಗಾಗುವುದುಂಟು. ಈ 110 ಸಿಸಿ ಮಲಗಿದ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.05 ಮಿಮೀ ಸಂದು ಇಡುತ್ತಾರೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದೇ ಖರೆ. ಇಂಜಿನ್ ಪೂರ್ತಿ ತಣ್ಣಗಿದ್ದಾಗ, ಕಂಪ್ರೆಷನ್ ಹೊಡೆತದಲ್ಲಿ ಪಿಸ್ಟನ್ ಮೇಲಿದ್ದಾಗ ಅಳೆಯಬೇಕು.

ನಮ್ಮ ಬಿಸಿಲು, ನಮ್ಮ ಮಣ್ಣು

ಕಲಬುರಗಿಯ ಮೇ ತಿಂಗಳ 42 ಡಿಗ್ರಿ ಬಿಸಿಲು ಬ್ಯಾಟರಿಗೆ ಶತ್ರು. ನೀರು ಹಾಕುವ ಬ್ಯಾಟರಿಯಾದರೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್ ನೀರು ಬೇಡವೇ ಬೇಡ. ಬೆಳೆ ಇಲ್ಲದ ತಿಂಗಳುಗಳಲ್ಲಿ ಗಾಡಿ ಸುಮ್ನೆ ನಿಲ್ಲುತ್ತದೆ, ಅಲ್ವಾ? ಆಗ ನೆಗೆಟಿವ್ ಬಿಚ್ಚಿಟ್ಟು ತಿಂಗಳಿಗೊಮ್ಮೆ ಸಣ್ಣ ಚಾರ್ಜರಿನಲ್ಲಿ ಚಾರ್ಜ್ ಮಾಡಿ. 5 ಆಂಪಿಯರ್ ಅವರ್ ಬ್ಯಾಟರಿಗೆ 0.5 ಆಂಪಿಯರ್ ಸಾಕು. ದೊಡ್ಡ ಟ್ರ್ಯಾಕ್ಟರ್ ಚಾರ್ಜರಿಗೆ ಹಚ್ಚಿದರೆ ಕುದಿದು ಹೋಗುತ್ತದೆ.

ಬ್ಯಾಟರಿ ಪದೇಪದೇ ಇಳಿಯುತ್ತಿದ್ದರೆ ಇಂಜಿನ್ ಚಾಲೂ ಇದ್ದಾಗ ರೇಸ್ ಕೊಟ್ಟು ಅಳೆಯಿರಿ. 13.5ರಿಂದ 14.5 ಬರಬೇಕು. 12.5ರಲ್ಲೇ ನಿಂತರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಹೊಸ ಬ್ಯಾಟರಿಯನ್ನೂ ಕೊಲ್ಲುತ್ತದೆ.

ಕೆಸರು ತೊಳೆಯಲು ಪ್ರೆಶರ್ ಪಂಪನ್ನು ಹ್ಯಾಂಡಲ್ ಸ್ವಿಚ್‌ಗಳ ಮೇಲೆ, ಮೋಟರಿನ ಮೇಲೆ ನೇರ ಹೊಡೆಯಬೇಡಿ. ಕೆಸರು ಹಸಿ ಇರುವಾಗಲೇ ಸಾದಾ ಪೈಪಿನ ನೀರಿನಲ್ಲಿ ಇಳಿಸಿದರೆ ಸುಲಭ. ಒಣಗಿದ ಎರೆ ಮಣ್ಣು ಕಟ್ಟಿಗೆಯಿಂದ ಕೆರೆದರೂ ಬಿಡುವುದಿಲ್ಲ.

ನಮ್ಮ ಗಾಡಿಗೆ ಈಗ ಎರಡನೆಯ ಅರ್ಥ್ ವಾಯರ್ ಹಾಕಿದ್ದೇವೆ. ಬ್ಯಾಟರಿ ನೆಗೆಟಿವ್‌ನಿಂದ ನೇರ ಸೆಲ್ಫ್ ಮೋಟರ್ ಕೂಡಿಸುವ ಬೋಲ್ಟಿಗೇ, ಬೆರಳು ದಪ್ಪದ ತಾಮ್ರದ್ದು, ಎರಡೂ ತುದಿಗೆ ಒತ್ತಿ ಕೂಡಿಸಿದ ಕಣ್ಣು. ಮುಂಗಾರಿನ ಮೊದಲು ಒಮ್ಮೆ, ತೊಗರಿ ಔಷಧಿ ಶುರುವಾಗುವ ಮೊದಲು ಒಮ್ಮೆ ಅಣ್ಣನ ಮಗನೇ ಮೀಟರ್ ಹಿಡಿದು ಅಳೆದು, ಬಂದ ಅಂಕಿಯನ್ನು ಸೀಟಿನ ಒಳಮೈಯಲ್ಲಿ ಮಾರ್ಕರಿನಿಂದ ಬರೆದಿಡುತ್ತಾನೆ. ಕೊನೆಯ ಸಾಲಿನಲ್ಲಿ 0.1 ಅಂತಿದೆ.